ಹೊಳೆಗೆಡ್ಡೆ ಹುಡುಕಿ ತೀರ್ಥಹಳ್ಳಿಗೆ

ಸಾಗರದ ಬಸ್ ನಿಲ್ದಾಣದಲ್ಲಿ ಆ ಬೆಳಿಗ್ಗೆ ನಾವು ಮೂವರಿದ್ದೆವು. ನಾನು, ನನ್ನ ದೊಡ್ಡಮ್ಮ ಚೆನ್ನಮ್ಮ, ನಮ್ಮನ್ನು ಬಸ್ಸು ಹತ್ತಿಸಲು ಬಂದಿದ್ದ ಅವರ ಮಗ ತಿಮ್ಮಪ್ಪ. ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮೇ ತಿಂಗಳು. ಮಳೆ ಹಿಡಿದಿರಲಿಲ್ಲ, ಆರೂವರೆಗೇ ಬೆವರು. ದೊಡ್ಡಮ್ಮನ ಕೈಯಲ್ಲಿ ಒದ್ದೆ ಗೋಣಿತಾಟು ಹಾಸಿದ ಖಾಲಿ ಬಕೆಟ್ಟು. ತಾಯಿಗೂ ಮಗನಿಗೂ ಮಾತು ನಿಂತು ಹದಿನೈದು ದಿನವಾಗಿತ್ತು. ಹೇಳುವುದೆಲ್ಲ ನನ್ನ ಮೂಲಕ.

"ಅಮ್ಮಂಗೆ ಕಿಟಕಿ ಪಕ್ಕ ಕೂರಕ್ಕೆ ಹೇಳೆ," ಎಂದ ತಿಮ್ಮಪ್ಪ.

"ಅಲ್ಲೂ ಸಿಮೆಂಟ್ ಹಾಕ್ಸಿದಾನಾ ಅಂತ ಕೇಳು ಅವ್ನನ್ನ," ಎಂದರು ದೊಡ್ಡಮ್ಮ.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವರ ಹಿತ್ತಿಲಲ್ಲಿ ಬಾವಿಕಟ್ಟೆಯ ನೀರು ಹರಿದು ಬಂದು ನಿಲ್ಲುವ ಒಂದು ಕೆಸರು ಮೂಲೆಯಿತ್ತು. ಅಲ್ಲಿ ಹೊಳೆಗೆಡ್ಡೆ ಬೆಳೆಸಿದ್ದರು. ನಮ್ಮ ಮನೆಗಳಲ್ಲಿ ಅದಕ್ಕೆ ಇರುವ ಹೆಸರೇ ಅದು. ಈರುಳ್ಳಿಯಂಥ ಗೆಡ್ಡೆ, ಉದ್ದನೆಯ ಪಟ್ಟಿಯಂಥ ಎಲೆ, ಸಂಜೆಗೆ ಅರಳುವ ಬಿಳಿ ಹೂ, ಒಳಗೆ ಕೆಂಪು ಕೇಸರ. ಬುಡ ಸದಾ ಒದ್ದೆಯಾಗಿದ್ದರೆ ಸಾಕು, ಬೇರೆ ಚಾಕರಿ ಬೇಡ. ಅಜ್ಜಿಯ ಊರು ಶರಾವತಿಯ ನೀರಿನಲ್ಲಿ ಮುಳುಗುವ ಮುನ್ನ ಅಜ್ಜಿ ಅಲ್ಲಿಯ ಹಳ್ಳದ ದಂಡೆಯಿಂದ ಒಂದು ಬುಟ್ಟಿ ಗೆಡ್ಡೆ ಕಿತ್ತು ತಂದು ಮೂವರು ಹೆಣ್ಣುಮಕ್ಕಳಿಗೆ ಹಂಚಿದ್ದರು. ನಮ್ಮಮ್ಮನ ಪಾಲು ಮೊದಲ ಬೇಸಿಗೆಯಲ್ಲೇ ಹೋಯಿತು. ದೊಡ್ಡಮ್ಮನದು ಉಳಿದಿತ್ತು, ಈ ಏಪ್ರಿಲ್‌ವರೆಗೆ. ಅವರು ಮದುವೆಮನೆಗೆಂದು ನಾಲ್ಕು ದಿನ ಹೋದಾಗ ತಿಮ್ಮಪ್ಪ ಆ ಮೂಲೆಗೆ ಕಲ್ಲು ತುಂಬಿಸಿ ಮೇಲೆ ಸಿಮೆಂಟು ಬಳಿಸಿಬಿಟ್ಟಿದ್ದ. ಅಮ್ಮ ಜಾರಿ ಬೀಳಬಾರದಂತೆ. ಗೆಡ್ಡೆಗಳನ್ನು ಗಾರೆಯವರು ಮಣ್ಣಿನ ಜೊತೆಗೇ ಲಾರಿಗೆ ಹಾಕಿ ಕಳಿಸಿದ್ದರು. ಎಲ್ಲಿಗೆ ಎಂದರೆ ಅವನಿಗೇ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಜಾರದ ಹೆಂಗಸು ಈಗ ಜಾರುತ್ತಾಳೆ ಎಂದು ಇವನಿಗೆ ಹೇಳಿದವರು ಯಾರು?

ಉಳಿದದ್ದು ಕೋಣಂದೂರಿನಲ್ಲಿದ್ದ ನನ್ನ ಚಿಕ್ಕಮ್ಮ ಸರೋಜಮ್ಮನ ಪಾಲು ಮಾತ್ರ. ಅದನ್ನು ತರಲು ಹೊರಟಿದ್ದೆವು.

ಹೊಸನಗರಕ್ಕೆ ತಲಾ ನಾಲ್ಕು ರೂಪಾಯಿ ಟಿಕೆಟ್ಟು. ಕಂಡಕ್ಟರ್ ಬಕೆಟ್ಟಿನೊಳಗೆ ಬಗ್ಗಿ ನೋಡಿದ.

"ಎಂತ ಅಮ್ಮಾ, ಮೀನಾ?"

"ಏನೂ ಇಲ್ಲ. ಬೇಕಾದ್ರೆ ನೀನೇ ಇದ್ರೊಳಗೆ ಇಳಿದು ಕೂರು."

ಬಸ್ಸಿನಲ್ಲಿ ನಕ್ಕರು. ಬಕೆಟ್ಟಿಗೆ ಲಗೇಜು ಚಾರ್ಜು ಕೇಳುವ ಮಾತು ಅಲ್ಲಿಗೇ ನಿಂತಿತು. ದಾರಿಯುದ್ದಕ್ಕೂ ಕೆಂಪು ಧೂಳು, ಕಿಟಕಿ ಮುಚ್ಚಿದರೆ ಸೆಕೆ.

ಹೊಸನಗರದಲ್ಲಿ ಮುಂದಿನ ಬಸ್ಸಿಗೆ ಎರಡು ತಾಸು ಕಾಯಬೇಕಿತ್ತು. ನಿಲ್ದಾಣದೆದುರಿನ ಹೋಟೆಲಿನಲ್ಲಿ ಬನ್ಸ್ ತಿಂದು ಕಾಫಿ ಕುಡಿದೆವು. ಬನ್ಸ್ ಬಿಸಿಯಿತ್ತು, ಕಾಫಿ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಬಕೆಟ್ಟಿನ ವಿಷಯ ಕೇಳಿದರು. ಯಾವುದೋ ಕಚೇರಿಯಲ್ಲಿದ್ದು ನಿವೃತ್ತರಾದವರಂತೆ, ಹೂದೋಟದ ಹುಚ್ಚಂತೆ. ಬೆಂಗಳೂರಿನಿಂದ ತರಿಸಿದ ಗೆಡ್ಡೆಗಳ ಹೆಸರುಗಳನ್ನು ಇಂಗ್ಲಿಷಿನಲ್ಲೇ ಹೇಳಿದರು. ಎಲ್ಲವೂ ಕಳೆದ ಮಳೆಗಾಲದಲ್ಲಿ ಕೊಳೆತುಹೋದವಂತೆ. ನಮ್ಮ ಹೂವಿನ ವರ್ಣನೆ ಕೇಳಿ ನಕ್ಕರು.

"ಅದು ಹಳ್ಳದ ಕಳೆ ಅಲ್ವೇನಮ್ಮ? ದನಾನೂ ಮೂಸಲ್ಲ ಅದನ್ನ. ಅದಕ್ಕೆ ಬಸ್ ಚಾರ್ಜ್ ಕೊಟ್ಕೊಂಡು ಹೋಗ್ತಿದೀರಾ?"

"ದನ ಮೂಸದೇ ಇದ್ದಿದ್ದಕ್ಕೆ ಉಳ್ಕಂಡಿದೆ ಸ್ವಾಮಿ," ಎಂದರು ದೊಡ್ಡಮ್ಮ. "ಕೊಳೆತು ಹೋದ ಹೂವಿಂದು ಹೆಸರು ಇನ್ನೊಂದ್ಸಲ ಹೇಳಿ, ಚೆನ್ನಾಗಿತ್ತು."

ಅವರು ಪತ್ರಿಕೆ ಬಿಡಿಸಿಕೊಂಡರು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ನಮ್ಮ ನೀರು, ನಮ್ಮ ಕೆಸರು, ಅದರಲ್ಲಿ ತಾನಾಗಿ ಬದುಕುವ ಹೂ ಇವರಿಗೆ ಕಳೆ. ಪೆಟ್ಟಿಗೆಯಲ್ಲಿ ಬಂದು ಕೊಳೆಯುವುದು ಹೂ. ಹಳ್ಳದ ದಂಡೆಗೆ ಹೋಗಿ ಒಂದು ಸಂಜೆಯಾದರೂ ನಿಂತಿದ್ದಾರೆಯೇ ಇವರು?

ಕೋಣಂದೂರು ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಚಿಕ್ಕಮ್ಮನ ಮನೆ ಪೇಟೆಬೀದಿಯಲ್ಲಿ, ಚಿಕ್ಕಪ್ಪನ ಬಟ್ಟೆಯಂಗಡಿಯ ಹಿಂದೆಯೇ. ಚಿಕ್ಕಮ್ಮ ಡೇರೆ ಹೂವಿಗೆ, ಅಂದರೆ ಡೇಲಿಯಾಕ್ಕೆ, ಹೆಸರುವಾಸಿ. ನಮ್ಮ ಕಡೆ ಹೆಂಗಸರಿಗೆ ಡೇರೆಯೆಂದರೆ ಎಂಥ ಮರುಳು ಎಂದು ಹೇಳಬೇಕಾಗಿಲ್ಲ. ಮಳೆಗಾಲ ಮುಗಿದು ಗಿಡ ಸತ್ತ ಮೇಲೆ ಗೆಡ್ಡೆ ಕಿತ್ತು, ಬೂದಿಯಲ್ಲಿ ಹೊರಳಿಸಿ, ಒಣಗಿರುವ ಕಡೆ ಜೋಪಾನವಾಗಿಟ್ಟು, ಮುಂದಿನ ಮುಂಗಾರಿಗೆ ನೆಡುತ್ತಾರೆ. ಒಬ್ಬರಿಂದೊಬ್ಬರು ಕಾಡಿ ಬೇಡಿ ಒಯ್ಯುತ್ತಾರೆ, ಕೊಡದಿದ್ದರೆ ಕದಿಯುತ್ತಾರೆ.

ಊಟಕ್ಕೆ ಉಪ್ಪಿನಲ್ಲಿಟ್ಟಿದ್ದ ಬಿದಿರು ಕಳಲೆಯ ಪಲ್ಯ, ಮಾವಿನಕಾಯಿ ಗೊಜ್ಜು. ಕೈ ತೊಳೆದೊಡನೆ ಚಿಕ್ಕಮ್ಮ ಬಚ್ಚಲೊಲೆಯ ಮೇಲಿನ ಅಟ್ಟದಿಂದ ಒಂದು ಬುಟ್ಟಿ ಇಳಿಸಿದರು. ಮುಖದಲ್ಲಿ ಸಂಭ್ರಮ.

"ಅಕ್ಕಯ್ಯ, ಬಾವಿ ಹತ್ರ ಪಂಪು ಕೂರ್ಸಿದ್ರಲ್ಲ, ದೀಪಾವಳಿ ಹೊತ್ತಿಗೆ. ಆಗ್ಲೇ ಎಲ್ಲಾ ಕಿತ್ತು ಜೋಪಾನ ಎತ್ತಿಟ್ಟೆ. ನೋಡು, ಒಂದೂ ಬಿಟ್ಟಿಲ್ಲ. ಡೇರೆಗಿಂತ ಜಾಸ್ತಿ ಬೂದಿ ಹಾಕಿದೀನಿ."

ದೊಡ್ಡಮ್ಮ ಒಂದು ಗೆಡ್ಡೆ ಎತ್ತಿಕೊಂಡರು. ಹಗುರಾಗಿತ್ತು. ಬೆರಳೊತ್ತಿದರೆ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಎರಡನೆಯದೂ ಹಾಗೆಯೇ. ಆರು ತಿಂಗಳು ಬೂದಿ, ಹೊಗೆ, ಒಲೆಯ ಕಾವು. ನೀರಿನಲ್ಲಿ ಕಾಲಿಟ್ಟುಕೊಂಡೇ ಹುಟ್ಟಿದ್ದನ್ನು ಸುಟ್ಟ ಹಾಗೆ ಒಣಗಿಸಿದ್ದರು. ದೊಡ್ಡಮ್ಮ ಬುಟ್ಟಿಯ ತಳದವರೆಗೂ ಒಂದೊಂದನ್ನೇ ಒತ್ತಿ ನೋಡಿದರು.

"ಇದು ಡೇರೆ ಏನೆ?" ಎಂದರು ಕೊನೆಗೆ. "ಅಮ್ಮ ಯಾವತ್ತಾದ್ರೂ ಇದನ್ನ ಅಟ್ಟಕ್ಕೆ ಹತ್ಸಿದ್ದು ನೋಡಿದೀಯಾ?"

"ಗೆಡ್ಡೆ ಅಂದ್ಮೇಲೆ ಒಣಗಿಸಿ ಇಡೋದಲ್ವ ಅಕ್ಕಯ್ಯ? ಎಲ್ರೂ ಹಂಗೇ ಇಡ್ತಾರೆ."

"ಎಲ್ರ ಊರೂ ಮುಳುಗಿಲ್ಲ."

ಚಿಕ್ಕಮ್ಮ ಅಳತೊಡಗಿದರು. ನನಗಾದರೋ ಕನಿಕರಕ್ಕಿಂತ ಕೋಪವೇ ಹೆಚ್ಚು ಬಂತು. ಮಗ ಪ್ರೀತಿಯಿಂದ ಸಿಮೆಂಟು ಹಾಕಿಸಿದ, ತಂಗಿ ಪ್ರೀತಿಯಿಂದ ಬೂದಿ ಹಾಕಿದಳು. ಕೇಳಿ ಮಾಡುವಷ್ಟು ಪುರುಸೊತ್ತು ಈ ಪ್ರೀತಿಗೆ ಇರಲಿಲ್ಲ. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು.

ಅಳು ನಿಂತ ಮೇಲೆ ಚಿಕ್ಕಮ್ಮ ಮೂಗು ಒರೆಸಿಕೊಂಡು ಹೇಳಿದರು. ಗೆಡ್ಡೆ ಕಿತ್ತ ದಿನ, ಮನೆಗೆಲಸಕ್ಕೆ ಬರುತ್ತಿದ್ದ ಪುಟ್ಟಮ್ಮ ತನಗೂ ಒಂದು ಬೇಕೆಂದು ಕೇಳಿದ್ದಳಂತೆ. "ಒಳ್ಳೇದು ಕೊಡಕ್ಕೆ ಮನಸ್ಸು ಬರ್ಲಿಲ್ಲ. ಬೆರಳುಗಾತ್ರದ ಮರಿ ಒಂದಷ್ಟಿತ್ತು, ಹೆಂಗೂ ಎಸೆಯೋದು ಅಂತ ಅದನ್ನ ಕೊಟ್ಟೆ." ಪುಟ್ಟಮ್ಮ ಈಗ ತೀರ್ಥಹಳ್ಳಿಯಲ್ಲಿ, ಮಗಳ ಮನೆಯಲ್ಲಿದ್ದಳು.

"ನಾಳೆ ನೀನೂ ಬಾ," ಎಂದರು ದೊಡ್ಡಮ್ಮ. "ಕೇಳೋಳು ನೀನೇ."

ಮರುದಿನ ಮೊದಲ ಬಸ್ಸಿಗೆ ತೀರ್ಥಹಳ್ಳಿ ಸೇರಿದೆವು. ತುಂಗೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಡಿಮೆ. ಮೂವರನ್ನು ಕೇಳಿದ ಮೇಲೆ ಪುಟ್ಟಮ್ಮನ ಮಗಳ ಮನೆ ಸಿಕ್ಕಿತು. ಓಣಿಯ ಕೊನೆ, ಮುಂದೆ ಬೀದಿಯ ನಲ್ಲಿ. ನಲ್ಲಿಯ ನೀರು ಸೋರಿ ಹೋಗುವ ಚರಂಡಿಯ ಪಕ್ಕದಲ್ಲಿ ಒಂದು ಮಾರುದ್ದಕ್ಕೆ ಹಸಿರು ಪಟ್ಟಿ. ದೊಡ್ಡಮ್ಮ ಅಲ್ಲೇ ನಿಂತುಬಿಟ್ಟರು. ಎಲೆಗಳ ನಡುವೆ ಎರಡು ಹೂದಂಟು ಎದ್ದಿದ್ದವು.

ಒಳಗಿನಿಂದ ಬಂದ ಪುಟ್ಟಮ್ಮ ಚಿಕ್ಕಮ್ಮನನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಬಂದ್ರಾ ಅಮ್ಮಾ, ಎಂತ ಇಷ್ಟು ದೂರ?"

ಚಿಕ್ಕಮ್ಮ ಚಪ್ಪಲಿ ಬಿಟ್ಟು, ಕಣ್ಣು ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದರು. ಎಸೆಯಬೇಕೆಂದಿದ್ದನ್ನೇ ಕೊಟ್ಟಿದ್ದೆ ಎಂಬುದನ್ನೂ ಬಿಡಲಿಲ್ಲ.

"ಅದು ಆವತ್ತೇ ಗೊತ್ತಾಗಿತ್ತು ಅಮ್ಮಾ," ಎಂದಳು ಪುಟ್ಟಮ್ಮ. "ನಿಮ್ಮ ಬಾವಿ ಹತ್ರ ಕಾಲು ಹೂತೋಗೋ ಕಡೆ ಇತ್ತಲ್ಲ, ಅದಕ್ಕೇ ಇಲ್ಲಿ ಹಾಕ್ದೆ. ಅಳಿಯ ಬೈತಾನೆ, ಹಾವು ಬರ್ತದೆ ಅಂತ. ಹಾವಿಗೆ ಬೇರೆ ಕೆಲ್ಸ ಇಲ್ವಾ?"

ಅಷ್ಟರಲ್ಲಿ ದೊಡ್ಡಮ್ಮ ಕೆಸರಿಗಿಳಿದು ಕೈಯಲ್ಲೇ ಬಗೆಯತೊಡಗಿದ್ದರು. ದೊಡ್ಡ ಬುಡಕ್ಕೇ ಕೈ ಹಾಕಿದ್ದರು. ಪುಟ್ಟಮ್ಮ ಹೋಗಿ ಅವರ ಮಣಿಕಟ್ಟು ಹಿಡಿದಳು.

"ಹೂ ಬಿಡೋದನ್ನ ಬಿಡಿ. ಮಗ್ಗುಲಲ್ಲಿ ಮರಿ ಇದಾವೆ, ಅದನ್ನ ತಗೊಳ್ಳಿ."

"ಇದು ನಮ್ಮಮ್ಮಂದು ಕಣೆ."

"ಇರ್ಬೋದು. ನೀರು ಹೊತ್ತು ಹಾಕಿದ್ದು ನಾನು. ನಲ್ಲಿ ಬಾರದೇ ಇದ್ದಾಗ ಹೊಳೆಯಿಂದ ತಂದಿದೀನಿ."

ದೊಡ್ಡಮ್ಮನ ಮುಖ ಕೆಂಪಾಯಿತು. ಎರಡು ದಿನ ಊರೆಲ್ಲರ ಮೇಲೆ ಕಾರಿದ್ದ ನನ್ನ ಸಿಟ್ಟು ಅಲ್ಲಿ ನಮ್ಮ ಮೇಲೇ ತಿರುಗಿತು. ಬಂದವರು ಕೇಳದೆ ಬಗೆಯುವುದನ್ನು ದೊಡ್ಡಮ್ಮ ತಮ್ಮ ಹಿತ್ತಿಲಲ್ಲೇ ಒಮ್ಮೆ ಅನುಭವಿಸಿದ್ದರು. ಈಗ ತಾವೇ ಇನ್ನೊಬ್ಬಳ ಅಂಗಳದಲ್ಲಿ ಮೊಣಕೈವರೆಗೆ ಕೆಸರು ಮಾಡಿಕೊಂಡು ನಿಂತಿದ್ದರು. ನಾನಾದರೂ ತಡೆದೆನೇ? ಬಕೆಟ್ಟು ಹಿಡಿದುಕೊಂಡು ಸಿದ್ಧಳಾಗಿದ್ದೆ.

ದೊಡ್ಡಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. "ಎಷ್ಟು ಕೊಡ್ತೀಯ, ನೀನೇ ಹೇಳು."

ಪುಟ್ಟಮ್ಮ ಒಂದು ಹಳೇ ಕತ್ತಿ ತಂದು, ಬುಡ ಅಲುಗದಂತೆ ಒಂಬತ್ತು ಮರಿ ಬಿಡಿಸಿದಳು. ಬೇರಿಗಂಟಿದ ಕೆಸರನ್ನು ಕೊಡವಲಿಲ್ಲ. ಚಿಕ್ಕಮ್ಮ ರವಿಕೆಯ ಬಟ್ಟೆ ಕೊಡಹೋದರೆ, "ಡೇರೆ ಗೆಡ್ಡೆ ಕಳ್ಸಿ ಅಮ್ಮಾ, ಆ ಕೆಂಪಂದು. ಅದನ್ನೂ ಮರೀನೇ ಕೊಡ್ಬೇಡಿ," ಎಂದಳು. ಚಿಕ್ಕಮ್ಮ ಹಿಂದಿನ ದಿನ ಅತ್ತ ಮೇಲೆ ಮೊದಲ ಸಲ ನಕ್ಕರು.

ಸಾಗರಕ್ಕೆ ಬಂದಿಳಿದಾಗ ಮೊದಲ ಮಳೆ ಹನಿಯುತ್ತಿತ್ತು. ಮರುದಿನ ತಿಮ್ಮಪ್ಪ ಹಾರೆ ಹಿಡಿದು ಮೂಲೆಯ ಸಿಮೆಂಟನ್ನು ತಾನೇ ಒಡೆದ. "ಇನ್ನೊಂದು ಚೂರು ಆ ಕಡೆ," ಎಂದು ದೊಡ್ಡಮ್ಮ ನೇರವಾಗಿ ಅವನಿಗೇ ಹೇಳಿದರು.

ಮೂರನೆಯ ವರ್ಷ ತೀರ್ಥಹಳ್ಳಿಯ ಆ ಓಣಿಯ ಬೀದಿನಲ್ಲಿಯನ್ನು ಕಿತ್ತು ಬೇರೆ ಕಡೆ ಹಾಕಿದರು. ಆಗ ಪುಟ್ಟಮ್ಮ ಎರಡು ತಿಂಗಳು ಜ್ವರದಲ್ಲಿ ಮಲಗಿದ್ದಳು. ನೀರು ಹೊರುವವರಿಲ್ಲದೆ ಅವಳ ಹೊಳೆಗೆಡ್ಡೆ ಎಲ್ಲ ಒಣಗಿತು. ಸುದ್ದಿ ಮುಟ್ಟಿದ ದಿನ ದೊಡ್ಡಮ್ಮ ಹೂ ಬಿಡುವ ನಾಲ್ಕು ದೊಡ್ಡ ಬುಡಗಳನ್ನು ಅಗೆದು ತೆಗೆದರು. ಚಿಕ್ಕಮ್ಮ ಕೋಣಂದೂರಿನಲ್ಲಿ ಅವರ ಬಸ್ಸು ಹತ್ತಿದರು. ಇಬ್ಬರೂ ತೀರ್ಥಹಳ್ಳಿಗೆ ಹೋಗಿ, ಪುಟ್ಟಮ್ಮ ತೋರಿಸಿದ ಕಡೆ, ಬಚ್ಚಲ ನೀರು ಹರಿಯುವ ಜಾಗದಲ್ಲಿ ಅವನ್ನು ನೆಟ್ಟು ಸಂಜೆಯ ಬಸ್ಸಿಗೆ ವಾಪಸಾದರು.