ಬರ್ನಿಸ್ ಕಾಯ್ದ ನೆಲ

ಐದು ವರ್ಷ ಬರ್ನಿಸ್ ಗೋರ್ಸ್ಕಿ ಒಬ್ಬ ಮನುಷ್ಯನ ಸೋಲಿಗಾಗಿಯೇ ಹುಲ್ಲು ಬೆಳೆಸಿದಳು.

ಅಮೆರಿಕದ ಈರಿ ಸರೋವರದ ದಂಡೆಯಲ್ಲಿ ಅದೇ ಹೆಸರಿನ ಊರು, ಅಲ್ಲಿನ ಕ್ರೀಡಾಂಗಣದಲ್ಲಿ ನೆಲ ನೋಡಿಕೊಳ್ಳುವ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಸತ್ತಾಗ ಮೇಲಿನವರು ಹೊಸಬರನ್ನು ಹುಡುಕುವಷ್ಟರಲ್ಲಿ ಅವಳು ರೋಲರ್ ಹತ್ತಿ ಕೂತಿದ್ದಳು. ಇಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಊರಿನ ತಂಡ ಹ್ಯಾಮರ್ಸ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲನ್ನು ಆಡುತ್ತಿದ್ದದ್ದು ಅವಳ ಹುಲ್ಲಿನ ಮೇಲೆ. ಅದೇ ತಂಡದಲ್ಲಿ ಅವಳ ತಮ್ಮ ಲಿಯಾನ್ ನಾಲ್ಕು ವರ್ಷ ಆಡಿದ. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ಅವನಿಗೆ ಉಣಿಸಿ ತೊಡಿಸಿ ದೊಡ್ಡವನನ್ನಾಗಿ ಮಾಡಿದವಳು ಬರ್ನಿಸಳೇ.

೧೯೭೬ರ ನವೆಂಬರಿನಲ್ಲಿ ಲಿಯಾನ್‌ನ ಮಂಡಿ ಊದಿಕೊಂಡಿತ್ತು. ಹ್ಯಾಮರ್ಸ್‌ನ ಕೋಚ್ ರಾಯ್ಸ್ ಟ್ಯಾಂಡಿ ನೋವು ಸಾಯುವ ಸೂಜಿ ಹಾಕಿಸಿ ಅವನನ್ನು ಆಟಕ್ಕಿಳಿಸಿದ. ಅರ್ಧ ಆಟ ಕಳೆದ ಮೇಲೆ, ಯಾರ ಮೈಯೂ ತಾಗದೆ, ಆ ಮಂಡಿ ಒಳಮುಖವಾಗಿ ಮಡಚಿಕೊಂಡಿತು. ಅಂದು ಸಂಜೆ ಟ್ಯಾಂಡಿ ಪತ್ರಿಕೆಯವರಿಗೆ ಹೇಳಿದ: "ಹುಡುಗ ಕಲ್ಲಿನ ಹಾಗಿದ್ದ. ಈ ಊರಿನ ಹಾಳು ನೆಲ ಅವನ ಕಾಲು ತಿಂದುಬಿಡ್ತು."

ಮಾರನೆಯ ದಿನ ಫಿನ್ನಿ ಎಂಬ ವರದಿಗಾರ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ. ತಿಂಗಳೊಪ್ಪತ್ತಿನಲ್ಲಿ ಟ್ಯಾಂಡಿ ದಕ್ಷಿಣದ ಮೊಬೀಲ್ ಊರಿನ ತಂಡಕ್ಕೆ ದೊಡ್ಡ ಕೋಚ್ ಆಗಿ ಹೊರಟುಹೋದ. ಲಿಯಾನ್‌ನ ಕೈಗೆ ಊರುಗೋಲು ಬಂತು. ಬರ್ನಿಸಳ ಪಾಲಿಗೆ ಬಂದದ್ದು ಊರಿನ ನಾಲಿಗೆ. ಮಾಂಸದಂಗಡಿಯವನು ಸಾಸೇಜು ಕಟ್ಟಿಕೊಡುತ್ತ, "ನಿನ್ನ ಅಂಗಳದಲ್ಲಿ ಕಾಲಿಡೋಕೂ ವಿಮೆ ಮಾಡಿಸ್ಬೇಕಂತೆ, ಹೌದಾ ಬರ್ನಿಸ್?" ಅಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳು ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದಳು.

"ಸೂಜಿ ವಿಷಯ ಹೇಳೋ ನಾಲ್ಕು ಜನಕ್ಕೆ," ಎಂದು ಎಷ್ಟು ಸಲ ಕೇಳಿದರೂ ಲಿಯಾನ್ ಬಾಯಿ ಬಿಡಲಿಲ್ಲ. "ಬೇಡ ಅನ್ನಬಹುದಿತ್ತು ಅಕ್ಕ. ಸೂಜಿಗೆ ಕಾಲು ಚಾಚಿದೋನು ನಾನೇ," ಅನ್ನುತ್ತಿದ್ದ. ಅವನು ಅವಳ ಕೈಕೆಳಗೇ ಕೆಲಸಕ್ಕೆ ಸೇರಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯತೊಡಗಿದ.

೧೯೮೧ರಲ್ಲಿ ಹ್ಯಾಮರ್ಸ್ ಮೊದಲ ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತಿತು. ಜನ ಟಿಕೆಟುಗಳನ್ನು ಅಳಿಯಂದಿರಿಗೆ ದಾನ ಮಾಡಿದರು. ಅಕ್ಟೋಬರಿನಲ್ಲಿ ತಂಡಕ್ಕೆ ಅದೇನು ಹೊಕ್ಕಿತೋ, ಗೆಲ್ಲಲು ಶುರುಮಾಡಿತು. ಡಿಸೆಂಬರ್ ನಡುವಿಗೆ ಒಂಬತ್ತು ಗೆಲುವು, ಆರು ಸೋಲು. ಕೊನೆಯ ಭಾನುವಾರದ ಎದುರಾಳಿ ಮೊಬೀಲ್. ಆಟ ಈರಿಯಲ್ಲೇ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ.

ಆ ವಾರ ಹಿಮ ಬೆರೆತ ಮಳೆ ಬರುತ್ತದೆಂದು ರೇಡಿಯೋ ಹೇಳಿತು. ಊರಿಗೆ ಊರೇ ಬರ್ನಿಸಳಿಗೆ ಉಪಾಯ ಹೇಳಿಕೊಟ್ಟಿತು. ಲಿಯಾನ್ ಕೂಡ.

"ಶುಕ್ರವಾರ ಟಾರ್ಪಾಲು ಹೊದಿಸ್ಬೇಡ ಅಕ್ಕ. ನೆನೀಲಿ. ಆ ಮೊಬೀಲಿನೋರು ಹಿಮಾನೇ ಕಂಡೋರಲ್ಲ, ಬುಟ್ಟೀಲಿ ಮೀನು ಜಾರೋ ಹಾಗೆ ಜಾರ್ತಾರೆ."

"ಒಬ್ಬ ಜಾರಿದ್ರೂ ಟ್ಯಾಂಡಿ ಅಂದಿದ್ದು ನಿಜ ಆಗತ್ತೆ. ಅವನಿಗೆ ಒಂದೇ ಒಂದು ನೆಪ ಸಿಗಬಾರ್ದು ಲಿಯಾನ್. ಬರಿಗೈಲಿ ಸೋಲ್ಬೇಕು ಅವನು," ಅಂದಳು ಬರ್ನಿಸ್.

ನೆಲದ ಮೇಲೆ ಒಣಹುಲ್ಲು ಹರಡಿ ಟಾರ್ಪಾಲು ಹೊದಿಸಿದಳು. ಅದರಡಿಗೆ ಬಿಸಿಗಾಳಿ ಯಂತ್ರ ತೂರಿಸಿದಳು. ಮೆತ್ತಗಾದ ಕಡೆ ಮಂಡಿಯೂರಿ ಕೂತು ಕೈಯಿಂದಲೇ ಮರಳು ತುಂಬಿದಳು. ನಾಲ್ಕು ದಿನದಲ್ಲಿ ಅವಳ ಬೆರಳ ತುದಿಗಳು ಬಿರಿದವು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಗಿನ ತಂಡದ ಕೋಚ್ ಬಂದು ನೆಲ ನೋಡುವುದು ವಾಡಿಕೆ. ಬರ್ನಿಸ್ ಹಿಂದಿನ ದಿನವೇ ಫಿನ್ನಿಗೆ ಫೋನು ಮಾಡಿ, "ನಾಳೆ ಹನ್ನೊಂದಕ್ಕೆ ಬಾ. ಐದು ವರ್ಷದ ಹಿಂದೆ ಬರೆದ ಪೆನ್ನೇ ತಗೊಂಡು ಬಾ," ಅಂದಿದ್ದಳು. ಟ್ಯಾಂಡಿ ಉದ್ದನೆಯ ಕೋಟು ಹಾಕಿಕೊಂಡು ಬಂದ. ಹಿಮ್ಮಡಿಯಿಂದ ನೆಲ ಒತ್ತಿದ. ಇನ್ನೊಂದು ಕಡೆ ಒತ್ತಿದ. ಮುಖದಲ್ಲಿ ಆಶ್ಚರ್ಯ ಮೂಡಿತು.

"ನೀವು ಇಲ್ಲಿಗೆ ಹೊಸಬ್ರಾ ಮೇಡಂ?"

ಅವಳ ಕಿವಿ ಕಾದು ಹೋಯಿತು. ಐದು ವರ್ಷ ಒಂದು ದಿನವೂ ಬಿಡದೆ ಅವಳು ನೆನೆದ ಮನುಷ್ಯನಿಗೆ, ಇದೇ ಮೈದಾನದಲ್ಲಿ ಕೋಚ್ ಆಗಿದ್ದವನಿಗೆ, ಅವಳ ಗುರುತೇ ಇರಲಿಲ್ಲ.

"ಹಳಬಳೇ. ನೆಲ ಹೇಗಿದೆ ಕೋಚ್?"

"ಚೆನ್ನಾಗಿದೆ."

"ಸ್ವಲ್ಪ ಜೋರಾಗಿ ಹೇಳಿ. ಫಿನ್ನಿಗೆ ಒಂದು ಕಿವಿ ಮಂದ."

ಟ್ಯಾಂಡಿ ನಕ್ಕ. "ಡಿಸೆಂಬರ್‌ನಲ್ಲಿ ಇಂಥ ನೆಲ ಈ ದೇಶದಲ್ಲೇ ನೋಡಿಲ್ಲ. ಬರ್ಕೊಳ್ಳಪ್ಪ." ಫಿನ್ನಿ ಬರೆದುಕೊಂಡ.

ಅಷ್ಟರಲ್ಲಿ ಮೊಬೀಲಿನ ಆಟಗಾರರು ಮೈ ಕಾಯಿಸಲು ಇಳಿದರು. ಅವರಲ್ಲಿ ಡೆಲ್ಮಾರ್ ಡುಪ್ರೀ ಎಂಬ ಓಟಗಾರನೇ ತಂಡದ ಜೀವ. ಆ ವರ್ಷದ ಅವರ ಅರ್ಧ ಗೆಲುವು ಅವನ ಕಾಲಿನದು. ಅವನು ಓಡಿಹೋದ ಜಾಡನ್ನು ಬರ್ನಿಸ್ ನೋಡಿದಳು. ಬಲಗಾಲಿನ ಬೂಟಿನ ಮೊಳೆಗಳು ಮುಷ್ಟಿ ಗುದ್ದಿದ ಹಾಗೆ ಆಳಕ್ಕಿಳಿದಿದ್ದವು. ಎಡಗಾಲಿನವು ಹುಲ್ಲನ್ನು ಬರೀ ಸವರಿದ್ದವು. ಕಾಲಿನ ಮೇಲೆ ಭಾರ ಬಿಡಲಾರದವನ ಹೆಜ್ಜೆ ಅದು.

ಡುಪ್ರೀ ಅವಳ ಹತ್ತಿರವೇ ನಿಂತ. "ಮೆತ್ತೆ ಹಾಸಿದ ಹಾಗಿದೆ ಮೇಡಂ. ಎಲ್ಲಾದ್ರೂ ಹುಷಾರಾಗಿರ್ಬೇಕಾ?"

ಮಂಡಿಗೆ ಸುತ್ತಿದ ಪಟ್ಟಿ ಅವಳಿಗೆ ಕಾಣುತ್ತಿತ್ತು. ಬೇಡ ಕಣಪ್ಪ, ಇವತ್ತು ಆಡಬೇಡ ಎಂಬ ಮಾತು ಗಂಟಲ ತನಕ ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಈ ನೆಲದ ಮೇಲೆ ಇವನು ತಾನಾಗಿ ಬಿದ್ದರೆ ಟ್ಯಾಂಡಿಗೆ ಹೇಳಲು ಸುಳ್ಳೇ ಉಳಿಯುವುದಿಲ್ಲ. ಆ ಯೋಚನೆ ಎಂಥದ್ದೆಂದು ಅವಳಿಗೆ ತಿಳಿಯಿತು. ತಿಳಿದೂ ಅದನ್ನು ಹೊರಗೆ ಅಟ್ಟಲಿಲ್ಲ.

"ಎಲ್ಲೂ ಇಲ್ಲ. ಎಲ್ಲ ಕಡೆ ಒಂದೇ ಸಮ," ಅಂದಳು.

ಒಂದು ಗಂಟೆಗೆ ಆಟ ಶುರುವಾಯಿತು. ಎರಡೂ ತಂಡದವರು ಹದ್ದುಗಳ ಹಾಗೆ ಕಾದಾಡಿದರು, ಒಬ್ಬನೂ ಜಾರಲಿಲ್ಲ. ಮೂರು ನಿಮಿಷ ಉಳಿದಿದ್ದಾಗ ಹ್ಯಾಮರ್ಸ್ ಹದಿಮೂರು, ಮೊಬೀಲ್ ಹತ್ತು. ಮೊಬೀಲಿನವರು ಗೆಲುವಿನ ಗೆರೆಗೆ ಎಂಟೇ ಗಜ ದೂರದಲ್ಲಿದ್ದರು. ಚೆಂಡು ಡುಪ್ರೀಯ ಕೈಗೆ ಬಂತು. ಎದುರಿಗೆ ಬಾಗಿಲು ತೆರೆದಿಟ್ಟ ಹಾಗೆ ದಾರಿ ಖಾಲಿ. ಅವನು ಎಡಗಾಲು ಊರಿ ತಿರುಗಿದ. ಮಂಡಿ ಒಳಕ್ಕೆ ಹೋಯಿತು. ಕೈಜಾರಿದ ಚೆಂಡಿನ ಮೇಲೆ ಹ್ಯಾಮರ್ಸ್‌ನವನೊಬ್ಬ ಕವುಚಿ ಬಿದ್ದ. ಐವತ್ತು ಸಾವಿರ ಜನ ಎದ್ದು ನಿಂತು ಕೂಗಿದರು. ಬರ್ನಿಸಳೂ ಕೂಗಿದಳು. ಪಕ್ಕದಲ್ಲಿದ್ದ ಲಿಯಾನ್ ಕೂಗಲಿಲ್ಲ.

ಹ್ಯಾಮರ್ಸ್ ಗೆದ್ದು ಆಟ ಮುಗಿದ ಮೇಲೆ ಪತ್ರಿಕೆಯವರ ಕೋಣೆಯ ಬಾಗಿಲಲ್ಲಿ ಅಕ್ಕ ತಮ್ಮ ಕೆಸರು ಬೂಟಿನಲ್ಲೇ ನಿಂತರು. ಟ್ಯಾಂಡಿ ಗಂಟಲು ಸರಿಮಾಡಿಕೊಂಡ. "ಡುಪ್ರೀ ಕಲ್ಲಿನ ಹಾಗಿದ್ದ. ಆದ್ರೆ ಈ ನೆಲ ಇದೆಯಲ್ಲ—"

ಫಿನ್ನಿ ಪುಸ್ತಕದ ಹಾಳೆ ತಿರುಗಿಸಿ ಓದಿದ: "ಇಂಥ ನೆಲ ಈ ದೇಶದಲ್ಲೇ ನೋಡಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆ, ನಿಮ್ಮದೇ ಮಾತು ಕೋಚ್."

ಕೋಣೆಯಲ್ಲಿ ನಗು ಎದ್ದಿತು. ಯಾರೋ ಕೇಳಿದರು, "ಅವನಿಗೆ ಸೂಜಿ ಹಾಕ್ಸಿದ್ರಾ?"

"ನಾವು ಯಾರಿಗೂ ಹಾಗೆ ಮಾಡೋದಿಲ್ಲ."

"ನನಗೆ ಹಾಕ್ಸಿದ್ರಲ್ಲ," ಅಂದ ಲಿಯಾನ್ ಬಾಗಿಲಿನಿಂದ.

ಎಲ್ಲರೂ ತಿರುಗಿದರು. ಟ್ಯಾಂಡಿ ಮೊದಲು ಊರುಗೋಲನ್ನು ನೋಡಿದ, ಆಮೇಲೆ ಮುಖವನ್ನು, ಆಮೇಲೆ ಪಕ್ಕದಲ್ಲಿದ್ದವಳನ್ನು. ಆಗ ಅವನಿಗೆ ಗುರುತು ಸಿಕ್ಕಿತು. ಅವನ ಮುಖದಿಂದ ರಕ್ತ ಇಳಿಯುವುದನ್ನು ಬರ್ನಿಸ್ ಕಣ್ಣು ಮಿಟುಕಿಸದೆ ನೋಡಿದಳು. ಹಸಿದವಳಿಗೆ ಬಿಸಿ ಅನ್ನ ಸಿಕ್ಕ ಹಾಗಾಯಿತು.

ಅಂದು ಸಂಜೆ ಮೈದಾನಕ್ಕೆ ಟಾರ್ಪಾಲು ಎಳೆಯುವಾಗ ಲಿಯಾನ್ ಕೇಳಿದ. "ಬೆಳಿಗ್ಗೆ ಆ ಡುಪ್ರೀ ಹೆಜ್ಜೆ ನೀನು ನೋಡಿರ್ಬೇಕಲ್ಲ?"

"ನೋಡ್ದೆ."

"ಅವನಿಗೆ ಹೇಳಿದ್ಯಾ?"

"ಇಲ್ಲ."

ಅವನು ಹಗ್ಗ ಕೆಳಗೆ ಹಾಕಿದ. "ಟ್ಯಾಂಡಿ ಗೊತ್ತಿದ್ದೂ ಓಡ್ಸಿದ. ನೀನು ಗೊತ್ತಿದ್ದೂ ನೋಡ್ತಾ ನಿಂತೆ." ಊರುಗೋಲು ಊರುತ್ತ ಹೊರಟುಹೋದ. ಮರುದಿನ ಕೆಲಸಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಮಂಗಳವಾರ ಅವಳು ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಡುಪ್ರೀಯ ಕಾಲು ಸೊಂಟದ ತನಕ ಪ್ಲಾಸ್ಟರಿನಲ್ಲಿತ್ತು. ಕಂಡದ್ದನ್ನೂ ನುಂಗಿಕೊಂಡದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಕಿಟಕಿಯ ಕಡೆ ತಿರುಗಿದ.

"ನೀವು ಹೇಳಿದ್ರೂ ಆಡ್ತಿದ್ದೆ ನಾನು," ಅಂದ.

"ಗೊತ್ತು."

"ಆದ್ರೂ ಹೇಳ್ಬೇಕಿತ್ತು ಮೇಡಂ."

"ಹೌದು."

ಅವನು ಕಡುಬಿನ ಡಬ್ಬಿ ಮುಟ್ಟಲಿಲ್ಲ. ವಾಪಸು ತೆಗೆದುಕೊಂಡು ಹೋಗಿ ಎಂದೂ ಅನ್ನಲಿಲ್ಲ.

ಮುಂದಿನ ಸುತ್ತಿನಲ್ಲಿ ಹ್ಯಾಮರ್ಸ್ ಹೀನಾಯವಾಗಿ ಸೋತಿತು. ಜನವರಿಯಲ್ಲಿ ಮೊಬೀಲಿನವರು ಟ್ಯಾಂಡಿಯನ್ನು ತೆಗೆದರು. ಡುಪ್ರೀ ಮತ್ತೆ ಆಡಲಿಲ್ಲ. ಅವನು ಟ್ಯಾಂಡಿಯ ಮೇಲೆ ದಾವೆ ಹೂಡಿದಾಗ ಮೊದಲ ಸಾಕ್ಷಿ ಲಿಯಾನ್, ಎರಡನೆಯವಳು ಬರ್ನಿಸ್. ಕರೆಯುವ ಮೊದಲೇ ಬಂದು ಕೂತಿದ್ದಳು. ಹೆಜ್ಜೆಗಳ ಆಳವನ್ನು ಬೆರಳಿನಲ್ಲಿ ಅಳೆದು ತೋರಿಸಿದಳು. ಟ್ಯಾಂಡಿಯ ವಕೀಲ ಎದ್ದು ನಿಂತ.

"ಅಷ್ಟು ಸ್ಪಷ್ಟವಾಗಿ ಕಂಡಿದ್ರೆ ಯಾಕಮ್ಮ ಸುಮ್ಮನಿದ್ರಿ?"

ಎರಡನೆಯ ಸಾಲಿನಲ್ಲಿ ತಮ್ಮ ಕೂತಿದ್ದ. ಆರು ತಿಂಗಳಿಂದ ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಅವಳು ಅವನನ್ನೇ ನೋಡುತ್ತ ಉತ್ತರ ಕೊಟ್ಟಳು.

"ಟ್ಯಾಂಡಿ ಸೋಲ್ಲಿ ಅಂತ."

ನ್ಯಾಯಾಧೀಶರು ಅದನ್ನು ಬರೆದುಕೊಳ್ಳಲು ಹೇಳಿದರು. ದಾವೆಯನ್ನು ಡುಪ್ರೀ ಗೆದ್ದ. ಊರಿನ ಪತ್ರಿಕೆ ಟ್ಯಾಂಡಿಯ ಹೆಸರಿನ ಕೆಳಗೇ ಅವಳ ಹೆಸರನ್ನೂ ಹಾಕಿತು. ಆ ಬೇಸಿಗೆಯಲ್ಲಿ ಲಿಯಾನ್ ಕೆಲಸಕ್ಕೆ ಮರಳಿದ. ಗೆರೆ ಎಳೆಯುವಾಗ ಎಲ್ಲಿಂದ ಶುರುಮಾಡಲಿ ಎಂದಷ್ಟೇ ಕೇಳುತ್ತಿದ್ದ. ಅವಳು ತೋರಿಸುತ್ತಿದ್ದಳು.