ವಾಸಣ್ಣನ ಒಸಾಕಾ

ಜಪಾನಿನಿಂದ ಬಂದ ಪೆಟ್ಟಿಗೆಯನ್ನು ಒಡೆಯುವ ಮೊದಲು ವಾಸಣ್ಣ ಅದಕ್ಕೆ ಸೊಂಟ ಬಗ್ಗಿಸಿ ವಂದಿಸುತ್ತಿದ್ದರು. ಒಳಗಿರುತ್ತಿದ್ದದ್ದು ಯಾವುದೋ ಕಾರಿನ ಬ್ರೇಕ್ ಪ್ಯಾಡು. ಕೊಲ್ಲಿ ದೇಶದ ದಮ್ಮಾಮಿನ ವಾಹನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ತಲೆ ನರೆಯುವವರೆಗೆ ದುಡಿದ ಮುಲ್ಕಿಯ ಈ ಮನುಷ್ಯ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಜಪಾನನ್ನು ಕಂಡವರಲ್ಲ. ಆದರೆ ಅದರ ಬಗ್ಗೆ ಅವರಿಗೆ ಗೊತ್ತಿಲ್ಲದ್ದೂ ಇರಲಿಲ್ಲ. ಎಲ್ಲವನ್ನೂ ಪೆಟ್ಟಿಗೆ ನೋಡಿಯೇ ತಿಳಿದುಕೊಂಡಿದ್ದರು.

“ಒಂದು ನಟ್ಟು ಹೆಚ್ಚು ಹಾಕುದಿಲ್ಲ ಅವ್ರು. ಅಂಥವ್ರು ಒಂದು ಮಾತು ಹೆಚ್ಚು ಆಡ್ತಾರಾ?” ಎನ್ನುತ್ತಿದ್ದರು. ನಾನು ಮೈಸೂರಿನವನು, ಮಾತು ಹೆಚ್ಚು. ಅದನ್ನು ನನಗೇ ಹೇಳಿದ್ದೆಂದು ನನ್ನ ಹೆಂಡತಿ ಶೈಲಾಳ ಖಚಿತ ಅಭಿಪ್ರಾಯ.

ಮಗಳು ಚಿನ್ನುವಿಗೆ ಆಗ ನಾಲ್ಕು ವರ್ಷ. ರಜೆಯಲ್ಲಿ ಒಸಾಕಾ ನೋಡಲು ಹೋಗುತ್ತೇವೆಂಬ ಸುದ್ದಿ ತಿಳಿದ ಕೂಡಲೇ ವಾಸಣ್ಣ ಬಂದರು. ಚಪ್ಪಲಿ ಬಿಟ್ಟು, ಅವುಗಳ ಮೂತಿಯನ್ನು ಹೊರಗಡೆಗೆ ತಿರುಗಿಸಿಟ್ಟು, ಕುಳಿತರು.

“ಈ ಹುಡುಗಿಯನ್ನು ಹೀಗೇ ಕರ್ಕೊಂಡು ಹೋಗ್ತೀರಾ ಮಾರಾಯ್ರೆ? ನಮ್ಮ ಮರ್ಯಾದೆ ಎಂತ ಆಗ್ಬೇಕು?”

ನಮ್ಮ ಮರ್ಯಾದೆ ಎಂದರೆ ಅವರದು. ಕಣ್ಣಾರೆ ಕಾಣದ ದೇಶದ ಬಗ್ಗೆ ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದ್ದರು. ಅದು ನಿಜವೋ ಸುಳ್ಳೋ ಎಂದು ಯಾರೂ ನೋಡಿ ಬಂದಿರಲಿಲ್ಲ. ಆ ಕೆಲಸವನ್ನು ಅವರು ಚಿನ್ನುವಿಗೆ ವಹಿಸಿದರು. ನನ್ನ, ಶೈಲಾಳ ಕಣ್ಣಿನ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ.

ಮರುದಿನದಿಂದಲೇ ತಾಲೀಮು. ರೈಲಿನಲ್ಲಿ ಮಾತಾಡುವಂತಿಲ್ಲ. ಜಪಾನಿನ ಬೀದಿಗಳಲ್ಲಿ ಕಸದ ಡಬ್ಬಿ ಇರುವುದಿಲ್ಲವಾದ್ದರಿಂದ ಕಸವೆಲ್ಲ ನಮ್ಮ ಕಿಸೆಗೆ. ಯಾರಾದರೂ ತಲೆ ಬಾಗಿಸಿದರೆ ನಾವೂ ಬಗ್ಗಬೇಕು, ಬಗ್ಗಿ ಅವರ ಕೈಗೊಂದು ಖರ್ಜೂರ ಕೊಡಬೇಕು.

“ಖರ್ಜೂರ ಈ ಕಡೆ ಪದ್ಧತಿ ಅಲ್ವಾ ವಾಸಣ್ಣ? ಜಪಾನಿಗೂ ಅದಕ್ಕೂ ಏನು ಸಂಬಂಧ?” ಎಂದೆ.

“ದೊಡ್ಡವರ ಹತ್ರ ಬರಿಗೈಯಲ್ಲಿ ಹೋಗ್ಲಿಕ್ಕುಂಟಾ? ಯಾವ ದೇಶದಲ್ಲಿ ಉಂಟು ಹಾಗೆ, ಹೇಳಿ ನೋಡುವ.”

ಸಂಜೆ ನಾನೇ ಹೋಗಿ ಒಂದು ಕಿಲೋ ಖರ್ಜೂರ ತಂದೆ.

ಆ ಶುಕ್ರವಾರ ರೈಲಿನ ತಾಲೀಮಿಗೆಂದು ನಮ್ಮನ್ನು ಅಲ್ ಅಹ್ಸಾ ಎಂಬ ಊರಿನ ರೈಲು ಹತ್ತಿಸಿದರು. ಕಿಟಕಿಯಾಚೆ ಒಂಟೆ ಕಂಡಿತು. ವಾಸಣ್ಣ ಬಾಯಿಬಿಡದೆ ಬೆರಳು ತೋರಿಸಿದರು. ಚಿನ್ನು ಬಾಯಿಬಿಡದೆ ಒಂಟೆಗೆ ಬಗ್ಗಿದಳು. ಅಷ್ಟರಲ್ಲಿ ಆಚೆ ಸೀಟಿನಿಂದ ಅವರ ಹಳೆಯ ಪರಿಚಯದ ಹಮೀದ್, “ಓ ವಾಸಣ್ಣ, ಎಲ್ಲಿಗೆ?” ಎಂದು ಕೂಗಿದರು. ವಾಸಣ್ಣ ತುಟಿ ಬಿಚ್ಚದೆ ಎದ್ದು ನಿಂತು ಬಗ್ಗಿದರು. ಚಿನ್ನುವೂ ಬಗ್ಗಿದಳು.

“ಸೊಂಟ ಹಿಡ್ಕೊಂಡಿತಾ ಮಾರಾಯ್ರೆ?” ಎಂದು ಹಮೀದ್ ಗಾಬರಿಯಿಂದ ಚೀಲ ತಡಕಿ ನೋವಿನೆಣ್ಣೆ ತೆಗೆದರು. ವಾಸಣ್ಣ ಅವರ ಕೈಗೆ ಖರ್ಜೂರ ಇಟ್ಟರು, ಅವರು ಇವರ ಕೈಗೆ ಎಣ್ಣೆ ಇಟ್ಟರು. ಅಲ್ ಅಹ್ಸಾ ಬರುವವರೆಗೆ ಹಮೀದ್ ಮತ್ತೆ ಮಾತಾಡಿಸಲಿಲ್ಲ.

ಅಂದು ಎಲ್ಲರೂ ತಿಂದ ಖರ್ಜೂರದ ಬೀಜಗಳನ್ನು ಚಿನ್ನು ಫ್ರಾಕಿನ ಕಿಸೆಗೆ ತುಂಬಿಕೊಂಡಿದ್ದಳು. ಅವು ವಾಷಿಂಗ್ ಮಷೀನಿಗೆ ಹೋಗಿ, ಮಷೀನು ಕಟಕಟ ಎಂದು ನಿಂತೇಬಿಟ್ಟಿತು. ಶೈಲಾ ರೇಗಿದಳು. ವಾಸಣ್ಣ ಬಂದು ಬಿಚ್ಚಿ ಬೀಜ ತೆಗೆದರು. ಮಷೀನಿಗೆ ವಂದಿಸಲಿಲ್ಲ. “ಇದು ಜಪಾನಿನದ್ದಲ್ಲ, ಅದಕ್ಕೇ ಹೀಗೆ ಮಾಡುದು,” ಎಂದರು.

ನಾವು ಹೊರಡುವ ಮೊದಲೇ ಅವರ ಕಫೀಲ್, ಎಂದರೆ ವೀಸಾ ಕೊಟ್ಟಿದ್ದ ಮಾಲೀಕ, ಅಂಗಡಿ ಮುಚ್ಚಿದ. ವಾಸಣ್ಣನಿಗೆ ಫೈನಲ್ ಎಕ್ಸಿಟ್; ಇಕಾಮಾ ಎಂಬ ವಾಸದ ಪರವಾನಗಿ ಮುಗಿಸಿ ಊರಿಗೆ ಹೋಗಿಬಿಡುವುದು. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋದೆವು. ಚಿನ್ನು ಬಗ್ಗಿದಳು, ಅವರೂ ಬಗ್ಗಿದರು. ಮೊದಲು ತಲೆ ಎತ್ತಿದವರಿಗೆ ಮರ್ಯಾದೆ ಕಡಿಮೆ ಎಂದು ಅವರೇ ಕಲಿಸಿದ್ದರಿಂದ ಇಬ್ಬರೂ ಎತ್ತಲಿಲ್ಲ. ಹಿಂದಿದ್ದ ಜನ ಟ್ರಾಲಿಗಳನ್ನು ಸುತ್ತಿಸಿಕೊಂಡು ಮುಂದೆ ಹೋದರು. ಕೊನೆಗೆ ನಾನೇ ಮಗುವನ್ನು ಎತ್ತಿಕೊಂಡೆ.

“ಸರಿ ನೋಡಿ ಹೇಳ್ಬೇಕು ಆಯ್ತಾ,” ಎಂದು ವಾಸಣ್ಣ ನೆಲಕ್ಕೇ ಹೇಳಿದರು.

ಒಸಾಕಾದಲ್ಲಿ ಚಿನ್ನು ಕೋಟೆಯನ್ನೂ ನೋಡಲಿಲ್ಲ, ದೀಪದ ಬೀದಿಗಳನ್ನೂ ನೋಡಲಿಲ್ಲ. ಯಾರು ಬಗ್ಗುತ್ತಾರೆಂದು ಜನರನ್ನೇ ನೋಡುತ್ತಿದ್ದಳು. ಕೋಟೆಯ ಹತ್ತಿರ ಬೆಂಚಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಅವಳತ್ತ ತಲೆ ಬಾಗಿಸಿದರು. ಚಿನ್ನು ಸೊಂಟ ಬಗ್ಗಿಸಿ ಖರ್ಜೂರ ಚಾಚಿದಳು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಮತ್ತೊಮ್ಮೆ ತಲೆ ಬಾಗಿಸಿ ಬಾಯಿಗೆ ಹಾಕಿಕೊಂಡರು.

ಅಲ್ಲಿಂದಲೇ ಮುಲ್ಕಿಗೆ ಫೋನು ಮಾಡಿ ಚಿನ್ನುವಿನ ಕೈಗೆ ಕೊಟ್ಟೆ.

“ತಗೊಂಡ್ರು. ತಿಂತಾ ಇದಾರೆ,” ಎಂದಳು.

ಆ ಕಡೆಯಿಂದ ವಾಸಣ್ಣ ಕೇಳಿದರು: “ಬೀಜ ಎಂತ ಮಾಡಿದ್ರು?”

ಚಿನ್ನು ತಿರುಗಿ ಕಾದಳು. ವೃದ್ಧರು ಬೀಜವನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಕಿಸೆಗೆ ಹಾಕಿಕೊಂಡರು.

“ಪಾಕೆಟ್ಟಲ್ಲಿ,” ಎಂದಳು.

“ಹಾಂ,” ಎಂದರು ವಾಸಣ್ಣ. “ಹಾಗಾದ್ರೆ ಜಪಾನು ಉಂಟು.”