ಹತ್ತೂ ಕಾಲ್ಬೆರಳು ಕಂಡ ಬೆಳಿಗ್ಗೆ

ಅರಸೀಕೆರೆಯ ನಮ್ಮ ಮನೆಗೆ ಪಂಪು ರಿಪೇರಿಗೆ ಬರುತ್ತಿದ್ದವರು ಪ್ರತಿ ಮಾತಿಗೂ ಮುಂಚೆ ತಲೆಯ ಟವೆಲ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಹಿತ್ತಲಿನ ಪುಟ್ಟ ಕೊಳ ಪಾಚಿಗಟ್ಟಿ ಮೀನುಗಳೇ ಕಾಣದಾದಾಗ, ಮುಚ್ಚಿಸಿಬಿಡೋಣ ಎಂದಳು ಅಮ್ಮ. ಪಂಪಿನವರು ಒಪ್ಪಲಿಲ್ಲ. ನೀರು ಸೋಸಲೆಂದು ಪಕ್ಕದಲ್ಲೇ ಗುಂಡಿ ತೋಡಿ, ತಳದಲ್ಲಿ ತೂತು ಕೊರೆದ ಪೈಪು ಹಾಸಿ, ಮೂರು ಸಲ ತೊಳೆದ ಜಲ್ಲಿ ತುಂಬಿ, ಮೇಲೆ ಕೆಸು ನೆಟ್ಟರು. ಪಂಪು ತಳ್ಳಿದ ನೀರು ಜಲ್ಲಿಯೊಳಗಿಂದ ಮೇಲೆದ್ದು, ಸಣ್ಣ ತೊರೆಯಾಗಿ ಕೊಳಕ್ಕೆ ಮರಳಿತು. ಬಣ್ಣ ಮಾತ್ರ ಹಸಿರೇ.

“ಆತುರ ಬ್ಯಾಡ ಕಣ್ರೀ, ಕೆಸುವಿನ ಬೇರು ಇಳೀಲಿ, ನೀರು ತಾನೇ ತಿಳಿಯಾಗ್ತದೆ.”

ದಿನಾ ಬಂದು, ದಡದಲ್ಲಿ ಬೋರಲು ಮಲಗಿ ನೀರು ನೋಡಿ, ಅದನ್ನೇ ಹೇಳಿ ಹೋಗುತ್ತಿದ್ದರು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಅವರ ಕೂಗು ಕೇಳಿತು. ಬಿದ್ದೇಬಿಟ್ಟರೆಂದು ಅಮ್ಮನೂ ನಾನೂ ಓಡಿದೆವು. ಅವರು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

“ಅಮ್ಮಾರೇ, ನನ್ ಕಾಲ್ಬೆರಳು ಕಾಣ್ತಾ ಅವೆ! ಎಣಿಸ್ರೀ, ಹತ್ತಕ್ಕೆ ಹತ್ತೂ!”

ಅಮ್ಮ ನಿಜಕ್ಕೂ ಎಣಿಸಿದಳು. ಆಮೇಲೆ ಸೀರೆ ಎತ್ತಿಕಟ್ಟಿ ತಾನೂ ಇಳಿದಳು. ಮೀನೊಂದು ಹಿಮ್ಮಡಿಗೆ ಬಾಯಿ ಹಾಕಿದ್ದೇ ತಡ, “ಅಯ್ಯಯ್ಯೋ!” ಎಂದು ಅವರ ತೋಳು ಹಿಡಿದಳು. ಇಬ್ಬರೂ ದೊಪ್ಪನೆ ನೀರಿನಲ್ಲಿ ಕೂತುಬಿಟ್ಟರು. ನಗು ತಡೆಯಲಾಗದೆ, ಏಳಬೇಕೆಂದು ಇಬ್ಬರಿಗೂ ತೋಚಲೇ ಇಲ್ಲ.